ನಮ್ಮ ತೊಟ್ಟಿಯ ಆಮೆಗೆ ಎಲೆ ಹಾಕಿದ್ದು

ಮೊನ್ನೆ ಗುರುವಾರ ಬೆಳಿಗ್ಗೆಯೂ ಎಂದಿನಂತೆಯೇ ಶುರುವಾಯಿತು. ಹಾಲು ಕಾಯಿಸಿದೆ. ಯಜಮಾನರಿಗೆ ಶೇವಿಂಗಿಗೆ ಬಿಸಿನೀರು ಕೊಟ್ಟೆ. ಮಗಳು ಲೀಲಳ ಜಡೆಗೆ ರಿಬ್ಬನ್ ಹುಡುಕಿದೆ. ಅಡುಗೆ ಇಳಿಸಿ, ಹಿತ್ತಿಲಿಗೆ ಹೋಗಿ ಆಮೆಗೆ ಎಲೆ ಹಾಕಿದೆ.

ಹೌದು, ಎಲೆಯೇ. ಬಾಳೆ ಎಲೆಯ ಒಂದು ತುಂಡು ತೊಳೆದು, ಒಗೆಯುವ ಕಲ್ಲಿನ ಪಕ್ಕದಲ್ಲಿ ಹಾಸಿ, ಒಂದಿಷ್ಟು ಅನ್ನ, ಬೇಯಿಸಿದ ಹರಿವೆ ಸೊಪ್ಪು, ಒಂದು ಹೋಳು ಬಾಳೆಹಣ್ಣು ಬಡಿಸಿದೆ. (ಉಪ್ಪಿನಕಾಯಿ ಬಡಿಸಲಿಲ್ಲ. ಅಷ್ಟು ವಿವೇಕ ನನಗಿದೆ.)

ಮಲ್ಲೇಶ್ವರದ ಹಳೆಯ ಬಾವಿಗಳಲ್ಲಿ ನೀರು ಚೊಕ್ಕಟವಾಗಿರಲೆಂದು ಆಮೆ ಬಿಡುತ್ತಿದ್ದುದು ನಿಮಗೆ ಗೊತ್ತೇ ಇದೆ. ಈಗ ಮನೆಮನೆಗೂ ನಲ್ಲಿ ಬಂದಿದೆ. ಬಾವಿ ಯಾರಿಗೆ ಬೇಕು? ಪಕ್ಕದ ಮನೆಯ ಜಯಮ್ಮನವರ ಹಿತ್ತಿಲ ಬಾವಿಗೆ ಹೋದ ವಾರ ಮಣ್ಣು ತುಂಬಿಸಿದರು. ಸ್ಕೂಲಿನಿಂದ ಬಂದ ಲೀಲಳ ಕೈಗೆ ಜಯಮ್ಮನವರು ಕಾಂಪೌಂಡಿನ ಮೇಲಿಂದ ಒಂದು ಬಕೆಟ್ಟು ದಾಟಿಸಿದರು. ಒಳಗೆ ಅಂಗೈಯಗಲದ ಕಪ್ಪು ಚಿಪ್ಪು. ಚಿಪ್ಪಿನ ಮೇಲೆ ವೆಲ್ವೆಟ್ಟಿನಂಥ ಪಾಚಿ.

ಅತ್ತೆ ಏನೆನ್ನುತ್ತಾರೋ ಎಂದು ನನಗೆ ಅಳುಕಿತ್ತು. ಅವರು ಕೈಮುಗಿದರು! ದಶಾವತಾರದಲ್ಲಿ ಎರಡನೆಯದಲ್ಲವೇ? ಬಾವಿ ನೀರಲ್ಲಿದ್ದ ಪ್ರಾಣಿಗೆ ಎಂಥ ಮೈಲಿಗೆ ಎಂದು, ತಮ್ಮ ಮಡಿಸೀರೆ ನೆನೆಸುವ ಕಲ್ಲುತೊಟ್ಟಿಯಲ್ಲೇ ಜಾಗ ಕೊಟ್ಟರು. ಒಂದೇ ಕಂಡೀಷನ್. ಬೇಯಿಸಿದ ಪದಾರ್ಥ ನೀರಿಗೆ ಬೀಳಕೂಡದು. ಬಿದ್ದರೆ ತೊಟ್ಟಿಯೆಲ್ಲ ಮುಸುರೆ.

ಆದ್ದರಿಂದ ಈ ಎಲೆಯ ಏರ್ಪಾಡು. ಊಟದ ಹೊತ್ತಿಗೆ ಆಮೆಯನ್ನು ನೀರಿನಿಂದ ಎತ್ತಿ ಎಲೆಯ ಮುಂದೆ ಕೂರಿಸುವುದು. ನಾವೆಲ್ಲ ಸುತ್ತ ನಿಂತು ತಿನ್ನು, ತಿನ್ನು ಎಂದು ಉಪಚಾರ ಮಾಡುವುದು. ಅದು ತಲೆ, ಕಾಲು, ಬಾಲ ಎಲ್ಲವನ್ನೂ ಒಳಗೆಳೆದುಕೊಂಡು ಕಲ್ಲಾಗುವುದು. ಬಂದ ದಿನದಿಂದ ಒಂದು ಅಗುಳೂ ಮುಟ್ಟಿರಲಿಲ್ಲ. (ಕಾನ್ವೆಂಟಿನಲ್ಲಿ ಸಿಸ್ಟರುಗಳು ನಮಗೆ ಬಾಯಿ ಮುಚ್ಚಿಕೊಂಡು ಅಗಿಯುವುದನ್ನು ಕಲಿಸಿದ್ದರು. ಬಾಯಿಯನ್ನೇ ತೆರೆಯದವರಿಗೆ ಏನು ಮಾಡಬೇಕೆಂದು ಹೇಳಿಕೊಟ್ಟಿರಲಿಲ್ಲ.)

ಗುರುವಾರವೂ ಕಲ್ಲು ಕಲ್ಲೇ. ಯಜಮಾನರು ಕೋಟು ಹಾಕಿಕೊಳ್ಳುತ್ತಾ ತೀರ್ಪು ಕೊಟ್ಟರು. ಸಂಜೆಯೊಳಗೆ ತಿನ್ನದಿದ್ದರೆ ಸ್ಯಾಂಕಿ ಕೆರೆಗೆ ಬಿಟ್ಟುಬರುವುದು.

"ಸಾಕೋದು ಅಂದ್ರೆ ಉಪವಾಸ ಕೆಡವೋದಲ್ಲ," ಎಂದರು. ತಪ್ಪೇನಿದೆ?

ಲೀಲಾ ಅಳಲಿಲ್ಲ. ಚೀಲ ಹೆಗಲಿಗೇರಿಸಿ, ಬಾಗಿಲ ಬಳಿ ನಿಂತು ಕೇಳಿದಳು: "ಅಮ್ಮಾ, ಅದಕ್ಕೆ ನಮ್ಮನೆ ಹಿಡಿಸಿಲ್ವಾ?"

ಏಳು ವರ್ಷದ ಮಗು. ಅತ್ತಿದ್ದರೆ ಸಮಾಧಾನ ಮಾಡುವುದು ಸುಲಭವಾಗುತ್ತಿತ್ತು.

ಅವರಿಬ್ಬರೂ ಹೋದ ಮೇಲೆ ಆಮೆಯನ್ನು ಎತ್ತಿ ತೊಟ್ಟಿಗೆ ಬಿಟ್ಟೆ. ಹಿಂಗಾಲಿಗೆ ಹರಿವೆ ಸೊಪ್ಪಿನ ಒಂದು ಎಸಳು ಮೆತ್ತಿಕೊಂಡಿದ್ದು ನನಗೆ ಕಾಣಲಿಲ್ಲ. ನೀರಿಗಿಳಿದದ್ದೇ ಎಸಳು ಬಿಡಿಸಿಕೊಂಡು ತೇಲಿತು. ಅಯ್ಯೋ ಮುಸುರೆಯಾಯಿತಲ್ಲ ಎಂದು ಕೈ ಹಾಕಬೇಕು, ಅಷ್ಟರಲ್ಲಿ ಒಂದು ಪುಟ್ಟ ತಲೆ ಹೊರಬಂತು. ಕಪ್ಪು ತಲೆ, ಮೇಲೆ ಅರಿಸಿನ ಸಿಡಿಸಿದಂತೆ ಚುಕ್ಕಿಗಳು. ಕತ್ತು ಚಾಚಿ, ನೀರಿನ ಸಮೇತ ಎಸಳನ್ನು ಒಳಗೆಳೆದುಕೊಂಡಿತು.

ನೀರಿಲ್ಲದೆ ಅದಕ್ಕೆ ತುತ್ತು ಇಳಿಯುವುದಿಲ್ಲ! ನಾವು ಅದನ್ನು ದಿನವೂ ನೀರಿನಿಂದ ತೆಗೆದು ಊಟಕ್ಕೆ ಎಬ್ಬಿಸುತ್ತಿದ್ದೆವು. ಹೊಸದಾಗಿ ಬಂದವರಿಗೆ ನಾವು ಎಷ್ಟು ಪ್ರೀತಿಯಿಂದ ನಮ್ಮ ಪದ್ಧತಿಯನ್ನೇ ಬಡಿಸುತ್ತೇವೆ, ಅಲ್ಲವೇ? ಉಣ್ಣದಿದ್ದರೆ ಅವರಿಗೆ ನಮ್ಮನೆ ಹಿಡಿಸಲಿಲ್ಲ ಎಂದುಕೊಳ್ಳುತ್ತೇವೆ.

ಸರಿ, ಗುಟ್ಟು ಗೊತ್ತಾಯಿತು. ಆದರೆ ತೊಟ್ಟಿ? ಅತ್ತೆಯ ಮಡಿ ಎಂದರೆ ತಮಾಷೆಯ ಮಾತಲ್ಲ. ನಾನು ಈ ಮನೆಗೆ ಬಂದಂದಿನಿಂದ ನೋಡಿದ್ದೇನೆ, ಆ ತೊಟ್ಟಿಯಲ್ಲಿ ಬೇರೆಯವರ ಬಟ್ಟೆ ಅದ್ದಿದ್ದಿಲ್ಲ. ಹಸಿಸೊಪ್ಪಷ್ಟೇ ಹಾಕಿ ಸುಮ್ಮನಿರಬಹುದಿತ್ತು. ಆದರೆ ಬೆಂದ ಸೊಪ್ಪು ಆಗಲೇ ನೀರಿಗೆ ಬಿದ್ದಾಗಿತ್ತು, ಮುಚ್ಚಿಡಲು ಮನಸ್ಸು ಬರಲಿಲ್ಲ. ಹೋಗಿ ಹೇಳಿದೆ.

ಅತ್ತೆ ಜಪದ ಸರ ಕೆಳಗಿಟ್ಟು ಎದ್ದುಬಂದರು. ತೊಟ್ಟಿಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದರು.

"ನಿಜವಾಗ್ಲೂ ತಿಂತೇನೇ ಅದು?"

"ಹ್ಞೂಂ ಅತ್ತೆ. ನಾನೇ ನೋಡಿದೆ."

ಒಳಗೆ ಹೋದರು. ಬಯ್ಯುವುದಕ್ಕೆ ಮಾತು ಹುಡುಕುತ್ತಿದ್ದಾರೆಂದೇ ನಾನು ನಿಂತಿದ್ದೆ. ಸೊಪ್ಪಿನ ಪಾತ್ರೆಯನ್ನೇ ಹಿಡಿದುಕೊಂಡು ಬಂದರು. ತಾವೇ ಒಂದು ಚಿಟಿಕೆ ತೆಗೆದು ನೀರಿಗೆ ಬಿಟ್ಟರು.

"ಇನ್ಮೇಲೆ ತೊಟ್ಟಿ ಅದರದ್ದೇ ಆಗ್ಲಿ ಬಿಡು. ನನ್ನ ಸೀರೆಗೆ ಒಂದು ಬಕೆಟ್ಟು ತರಕ್ಕೆ ಹೇಳು ನಿನ್ನ ಗಂಡನಿಗೆ."

ಅಷ್ಟೇ. ಆಮೇಲೆ ಇಬ್ಬರೂ ನಿಂತು, ಅದು ತಿನ್ನುವುದನ್ನೇ ನೋಡಿದೆವು.

ಸಂಜೆ ಯಜಮಾನರು ಕೆರೆಗೆ ಒಯ್ಯಲೆಂದು ಗೋಣಿಚೀಲ ಹಿಡಿದೇ ಬಂದಿದ್ದರು. ಲೀಲಾ ತೊಟ್ಟಿಯ ಅಂಚಿಗೆ ಗಲ್ಲವೂರಿ, ಒಂದೊಂದೇ ಎಸಳು ಹಾಕುತ್ತಿದ್ದಳು. ಅವರು ಚೀಲ ಮಡಚಿಟ್ಟು, ಶೂ ಕೂಡ ಬಿಚ್ಚದೆ ಪಕ್ಕದಲ್ಲೇ ಕುಕ್ಕರಗಾಲಲ್ಲಿ ಕೂತರು.

ಆಚೆ ಕಡೆ ಜಯಮ್ಮನವರು ಒಣಗಿದ ಬಟ್ಟೆ ತೆಗೆಯುತ್ತಿದ್ದರು. ಆಮೆ ತಿಂತು ರೀ ಎಂದು ಕೂಗಿ ಹೇಳಿದೆ. ಅವರು ಕಾಂಪೌಂಡಿನ ಮೇಲಿಂದ ಇಣುಕಿ, ಕೈಯಲ್ಲಿದ್ದ ಟವೆಲ್ಲು ಮಡಚುತ್ತಲೇ ಅಂದರು:

"ಒಳ್ಳೇದಾಯ್ತು ಬಿಡಿ. ಬಾವೀಲಿದ್ದ ಇದರ ಜೋಡೀನ ಎಂಟನೇ ಕ್ರಾಸಿನ ಮೇಷ್ಟ್ರು ಮನೆಯವರು ತಗೊಂಡು ಹೋದ್ರಲ್ಲ, ದಿನಾ ನೆಲಕ್ಕಿಳಿಸಿ ತಟ್ಟೆ ಇಡ್ತಾರಂತೆ, ಅದಿನ್ನೂ ಏನೂ ಮುಟ್ಟಿಲ್ವಂತೆ."