ಬಿಲ್ವಪತ್ರೆಗೂ ಮೂರು ರೂಪಾಯಿ

ನನಗೆ ಸಿಟ್ಟು ಬೇಗ ಬರುತ್ತದೆ, ಹೆದರಿಕೆ ಅದಕ್ಕಿಂತ ಬೇಗ. ಅಣ್ಣಿಗೇರಿಯಿಂದ ಬಸ್ಸಿನಲ್ಲಿ ಅರ್ಧ ತಾಸಿನ ದಾರಿಯ ನಮ್ಮೂರಿನ ಹೆಂಗಸರು, ಮೆಣಸಿನಕಾಯಿ ಬೆಳೆಯುವವರು, ತಮ್ಮ ಸಂಘಕ್ಕೆ ನನ್ನನ್ನು ಕಾರ್ಯದರ್ಶಿ ಮಾಡಿದ್ದು ಈ ಎರಡೂ ಗುಣ ಗೊತ್ತಿಲ್ಲದೆ ಇರಬೇಕು.

ಹೋದ ಮುಂಗಾರಿನಲ್ಲಿ ಸಂಘದ ವಾಟ್ಸಾಪ್ ಗುಂಪಿಗೆ ಒಂದು ಸಾಫ್ಟ್‌ವೇರ್ ಸೇರಿಸಿದೆ. ಗಿಡಕ್ಕೆ ರೋಗ ಬಿದ್ದರೆ ಎಲೆಯ ಫೋಟೋ ಕಳಿಸಬೇಕು. ಅದು ಯಾರನ್ನೂ ಕೇಳದೆ, ರೋಗ ಗುರುತಿಸುವ ಸೇವೆಗೆ ಆ ಚಿತ್ರ ತೋರಿಸಿ, ಚಿತ್ರಕ್ಕೆ ಮೂರು ರೂಪಾಯಿಯಂತೆ ತಾನೇ ಕಟ್ಟಿ ಉತ್ತರ ತರುತ್ತಿತ್ತು. ಉತ್ತರದಲ್ಲಿ ಅನುಮಾನ ಬಂದರೆ ಇನ್ನೊಂದು ಸೇವೆಯನ್ನು ಕೇಳುತ್ತಿತ್ತು, ಅದಕ್ಕೂ ಮೂರು. ದುಡ್ಡು ಸಂಘದ್ದು, ಕಾಯಿ ಒಣಗಿಸಲು ತಾಡಪತ್ರಿ ಕೊಳ್ಳಬೇಕೆಂದು ಕೂಡಿಟ್ಟದ್ದು. ಜವಾಬ್ದಾರಿ ನನ್ನದು ಎಂದು ಸಭೆಯಲ್ಲಿ ಎದೆ ತಟ್ಟಿಕೊಂಡು ಹೇಳಿದ್ದೆ. ಒಂದು ಸಲಕ್ಕೆ ಎಷ್ಟರವರೆಗೆ ಖರ್ಚು ಮಾಡಲಿ ಎಂದು ಅದು ಕೇಳಿದಾಗ ಹತ್ತು ರೂಪಾಯಿ ಎಂದು ಬರೆದೆ. ದಿನಕ್ಕೆ ಎಷ್ಟು ಎಂಬ ಜಾಗ ಖಾಲಿ ಬಿಟ್ಟೆ. ದುಡ್ಡು ತೀರಿದರೆ ಬ್ಯಾಂಕಿನಿಂದ ಐನೂರರಂತೆ ತಾನೇ ತುಂಬಿಕೊಳ್ಳಲೇ ಎಂದಿತು, ಅದಕ್ಕೂ ಹೂಂ ಅಂದೆ.

ನಮ್ಮ ಗುಂಪಿನಲ್ಲಿ ದಿನಾ ಬೆಳಿಗ್ಗೆ ದೇವರ ಚಿತ್ರ ಹಾಕಿ ಶರಣು ಹೇಳುವ ರೂಢಿ. ಶ್ರಾವಣ ಸೋಮವಾರವಂತೂ ಒಬ್ಬೊಬ್ಬರದು ನಾಲ್ಕು ನಾಲ್ಕು: ಲಿಂಗ, ಲಿಂಗದ ಮೇಲೆ ಬಿಲ್ವಪತ್ರೆ. ಸಾಫ್ಟ್‌ವೇರಿಗೆ ಲಿಂಗ ಕಾಣಲಿಲ್ಲ, ಎಲೆ ಕಂಡಿತು. ಒಂದೊಂದನ್ನೂ ದುಡ್ಡು ಕೊಟ್ಟು ಓದಿಸಿತು. 'ಎಲೆಯಲ್ಲಿ ರೋಗದ ಲಕ್ಷಣ ಇಲ್ಲ' ಎಂದು ಒಬ್ಬರಿಗೆ ಉತ್ತರ. ಅಭಿಷೇಕದ ಚಿತ್ರ ಹಾಕಿದವರಿಗೆ 'ನೀರು ಹೆಚ್ಚಾಗಿದೆ, ಬಸಿದು ಹೋಗುವಂತೆ ಮಾಡಿ'. ಗುಂಪೆಲ್ಲ ಬಿದ್ದು ಬಿದ್ದು ನಕ್ಕಿತು. ನಾನು ರೊಟ್ಟಿ ಬಡಿಯುತ್ತಿದ್ದವಳು ಫೋನ್ ನೋಡಿದರೆ ಬ್ಯಾಂಕಿನ ಸಂದೇಶ: ಖಾತೆಯಿಂದ ಐನೂರು ಹೋಗಿದೆ. ಸ್ವಲ್ಪ ಹೊತ್ತಿಗೆ ಮತ್ತೆ ಐನೂರು. ಹಂಚಿನ ಮೇಲಿನ ರೊಟ್ಟಿ ಸೀದು ಕರಕಲಾಯಿತು.

ಇನ್ನು ಮುಂದೆ ಯಾರೂ ದೇವರ ಫೋಟೋ ಹಾಕಕೂಡದೆಂದು ಗುಂಪಿನಲ್ಲಿ ಕೂಗಾಡಿದೆ. ಸಂಘದ ಹಿರಿಯಳಾದ ನಮ್ಮ ಕಾಕು, ಚಿಕ್ಕಪ್ಪನ ಹೆಂಡತಿ, ಮನೆಗೇ ಬಂದಳು.

"ಶ್ರಾವಣದಾಗ ಶಿವನ ಮಾರಿ ತೋರಸಬ್ಯಾಡ ಅಂದ್ರ ಹೆಂಗ ಯವ್ವಾ? ನಿನ್ನ ಮಶೀನಿಗೆ ಬುದ್ಧಿ ಹೇಳು, ನಮಗ್ಯಾಕ ಹೇಳ್ತಿ?"

ಮಾತು ಸರಿಯೇ ಇತ್ತು. ದೇವರಿಗೆ ಬೇರೆ ಗುಂಪು ಮಾಡಬಹುದಿತ್ತು, ಆಮೇಲೆ ಮಾಡಿದೆ ಕೂಡ. ಆಗ ತಲೆ ಓಡಲಿಲ್ಲ. ದಿನಕ್ಕೆ ಹದಿನೈದೇ ರೂಪಾಯಿ, ದಾಟಿದರೆ ನನ್ನ ಒಪ್ಪಿಗೆ ಬೇಕು ಎಂದು ಬಿಗಿ ಮಾಡಿದೆ.

ಚಿತ್ರಗಳು ನಿಲ್ಲಲಿಲ್ಲ. ಬೆಳಗಿನ ಚಹಾ ಆಗುವುದರೊಳಗೆ ದೇವರುಗಳೇ ಹದಿನೈದನ್ನೂ ಮುಗಿಸಿಬಿಡುತ್ತಿದ್ದರು. ಆಮೇಲೆ ದಿನವಿಡೀ ನನ್ನ ಫೋನಿಗೆ ಒಂದೇ ಪ್ರಶ್ನೆ: 'ಇನ್ನೊಂದು ಚಿತ್ರ ಓದಿಸಬೇಕಿದೆ, ಮೂರು ರೂಪಾಯಿ, ಒಪ್ಪಿಗೆಯೇ?' ಯಾರ ಚಿತ್ರ, ಏನು ಚಿತ್ರ ಎಂದು ಅದರಲ್ಲಿ ಇರುತ್ತಿರಲಿಲ್ಲ, ಗುಂಪು ತೆರೆದು ಹುಡುಕಬೇಕು. ಮೊದಮೊದಲು ಹುಡುಕಿದೆ. ಆಮೇಲೆ ಸಾಕಾಯಿತು. ಫೋನ್ ಗುರ್ ಎಂದರೆ ತಾಡಪತ್ರಿಯ ದುಡ್ಡು ಏನು ಮಾಡಿದೆ ಎಂದು ನಲವತ್ತು ಹೆಂಗಸರು ಬಾಗಿಲಿಗೆ ಬಂದು ನಿಂತಂತೆ ಅನಿಸುತ್ತಿತ್ತು.

ಒಂದು ದಿನ ತಂಗಿಯ ಬಸುರಿ ಮಗಳ ಕುಬಸಕ್ಕೆಂದು ಕುಂದಗೋಳಕ್ಕೆ ಹೊರಟಿದ್ದೆ. ಬಸ್ಸಿನಲ್ಲಿ ಕೂಡಲು ಜಾಗವಿಲ್ಲ, ಒಂದು ಕೈಯಲ್ಲಿ ಬುತ್ತಿಯ ಗಂಟು. ಮೂರು ಸಲ ಫೋನ್ ಕೇಳಿತು. ಗುಂಪು ತೆರೆಯದೆ ಮೂರು ಸಲವೂ 'ಬೇಡ' ಒತ್ತಿದೆ. ಬೇಡವೆಂದರೆ ಅದು ಕಳಿಸಿದವರಿಗೂ ಏನೂ ಹೇಳದೆ ಸುಮ್ಮನಾಗುತ್ತಿತ್ತು. ಒಂಬತ್ತು ರೂಪಾಯಿ ಉಳಿಸಿದೆನೆಂದು ಖುಷಿಯೂ ಆಯಿತು, ಸುಳ್ಳು ಯಾಕೆ ಹೇಳಲಿ.

ಅದಾಗಿ ಆರನೆಯ ದಿನ, ಬೇರೆಯವರ ಎರಡು ಎಕರೆ ಲಾವಣಿಗೆ ಹಿಡಿದು ಮೆಣಸಿನಗಿಡ ಹಚ್ಚಿದ್ದ ನಮ್ಮ ಸಂಘದವಳೊಬ್ಬಳು ಹೊಲದ ದಾರಿಯಲ್ಲಿ ಸಿಕ್ಕಳು. ಮಾತು ಕಡಿಮೆ. ಗುಂಪಿನಲ್ಲಿ ಶರಣು ಕೂಡ ಹೇಳುತ್ತಿರಲಿಲ್ಲ. ಕೈ ಹಿಡಿದು ತನ್ನ ಹೊಲಕ್ಕೆ ಕರೆದುಕೊಂಡು ಹೋದಳು. ಸಾಲಿಗೆ ಸಾಲೇ ಎಲೆ ಮುದುಡಿ, ಗಿಡ ಕುಗ್ಗಿ ನಿಂತಿತ್ತು.

"ಯಾಕವಾ, ರೋಗದ ಎಣ್ಣಿ ಹೊಡೀಲಿಲ್ಲೇನ?" ಎಂದೆ.

"ಗುಂಪಿನ್ಯಾಗ ಕೇಳದ ಎಣ್ಣಿ ಹೊಡೀಬ್ಯಾಡ್ರಿ, ಸುಮ್ಮನ ರೊಕ್ಕ ಹಾಳು ಅಂತ ನೀವ ಹೇಳಿದ್ರಲ್ರೀ ಅಕ್ಕಾರ. ಮೊದಲ ನಾಕು ಗಿಡಕ್ಕ ಅಷ್ಟ ಇತ್ತು. ಫೋಟೋ ಕಳಿಸಿ, ಉತ್ರ ಬರ್ಲಿ ಅಂತ ಕುಂತೆ."

ಅವಳ ಎದುರಿಗೇ ಗುಂಪು ತೆರೆದು ಬೆರಳಿನಿಂದ ಮೇಲಕ್ಕೆ ಸರಿಸುತ್ತ ಹೋದೆ. ನಾನು ಕುಂದಗೋಳಕ್ಕೆ ಹೋದ ದಿನದಲ್ಲಿ, ಎರಡು ಲಿಂಗಗಳ ನಡುವೆ, ಅವಳ ಹೊಲದ ಎಲೆ ಇತ್ತು. ಹಿಂದೆ ಅವಳ ಹೆಬ್ಬೆರಳೂ ಕಾಣುತ್ತಿತ್ತು. ಕೆಳಗೆ ಉತ್ತರ ಇರಲಿಲ್ಲ.

ಅವಳು ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಪ, ನನಗೆ ಕಷ್ಟವಾಗಬಾರದೆಂದೋ ಏನೋ, ತಾನೇ ಹೇಳಿದಳು:

"ನೆಟ್‌ವರ್ಕ್ ಇರ್ಲಿಲ್ಲ ಕಾಣಸ್ತದ್ರೀ."

"ಹೌದವಾ," ಎಂದೆ ನಾನು, "ಇರಲಿಲ್ಲ."