ಕೌದಿ ಹೊತ್ತು ದವಾಖಾನೆಗೆ

ಸುಡುಬಿಸಿಲಿನಲ್ಲಿ ತೆಲಿಗಿಯ ದ್ಯಾಮಕ್ಕ ತೊಡೆಯ ತುಂಬ ಕೌದಿ ಇಟ್ಟುಕೊಂಡು ದಾವಣಗೆರೆ ಬಸ್ಸಿನಲ್ಲಿ ಕೂತಿದ್ದಳು.

"ಇಂಥಾ ಬ್ಯಾಸಗ್ಯಾಗ ಕೌದಿ ಯಾಕಬೇ?" ಅಂದ ಕಂಡಕ್ಟರ್.

"ಡಾಕ್ಟರಿಗೆ ತೋರ್ಸಾಕ."

ಪಕ್ಕದಲ್ಲಿದ್ದ ಗಂಡ ಪಕ್ಕೀರಪ್ಪ ಟವೆಲ್ಲಿನಲ್ಲಿ ಮುಖ ಮುಚ್ಚಿಕೊಂಡು ನಕ್ಕ. ಅವಳಿಗೂ ತಡೆಯಲಾಗಲಿಲ್ಲ.

ನಗುವ ಹೊತ್ತೇನೂ ಅಲ್ಲ ಅದು. ಗರ್ಭಕೋಶದ ಬಾಯಿಗೆ ಕ್ಯಾನ್ಸರ್ ಬಂದು, ಹೋದ ತಿಂಗಳು ಗರ್ಭಕೋಶವನ್ನೂ ಎರಡೂ ಅಂಡಾಶಯಗಳನ್ನೂ ತೆಗೆದಿದ್ದರು. ಅಂಡಾಶಯಕ್ಕೆ ಹಬ್ಬಿದ್ದರೆ ಮುಂದೆ ಕಷ್ಟ, ಇಲ್ಲದಿದ್ದರೆ ಬಹುಪಾಲು ಗೆದ್ದಂತೆ, ಲ್ಯಾಬಿನ ರಿಪೋರ್ಟು ತನ್ನಿ ಎಂದಿದ್ದರು ಡಾಕ್ಟರಮ್ಮ. ರಿಪೋರ್ಟೇನೋ ಬಂತು, ಲಕೋಟೆ ಒಡೆಯುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಕಣ್ಣಿಗೆ ಬೀಳುವುದೇ ಬೇಡ ಎಂದು ದ್ಯಾಮಕ್ಕ ಅದನ್ನು ಹಳೇ ಸೀರೆಯ ಮಡಿಕೆಯೊಳಗೆ ತುರುಕಿದಳು.

ಊರಿಗೆಲ್ಲ ಕೌದಿ ಹೊಲಿದವಳು. ಹೋಗುವುದೇ ಆದರೆ ಬಸುರಿ ಮಗಳು ಗೀತಮ್ಮಳ ಕೂಸಿಗೊಂದು ಹೊಲಿದಿಟ್ಟೇ ಹೋಗುತ್ತೇನೆ ಎಂದು ಹಟಕ್ಕೆ ಬಿದ್ದಳು. ಸಿಕ್ಕ ಸೀರೆಗಳನ್ನೆಲ್ಲ ಮಡಿಕೆ ಬಿಚ್ಚದೆ ಹಾಸಿ, ಕಣ್ಣೊರೆಸಿಕೊಳ್ಳುತ್ತಲೇ ಸೂಜಿ ಓಡಿಸಿದಳು. ಒಂದು ಮೂಲೆ ಮಾತ್ರ ಬಿಟ್ಟಳು. ಅಲ್ಲಿ ನಾಲ್ಕು ಕಾಳು ಅಕ್ಕಿ ಹಾಕಿ ಕೌದಿಗೆ ಉಡಿ ತುಂಬಿ ಮುಚ್ಚುವುದು ಅವಳ ಅವ್ವನಿಂದ ಬಂದ ಪದ್ಧತಿ. ತನ್ನ ಒಡಲೇ ಬರಿದಾಗಿರುವಾಗ ಉಡಿ ತುಂಬಲು ಕೈ ಏಳಲಿಲ್ಲ.

ಇವತ್ತು ಬೆಳಿಗ್ಗೆ ಲಕೋಟೆಗಾಗಿ ಮನೆಯೆಲ್ಲ ತಡಕಾಡಿದರೆ, ಕೌದಿಯ ನಟ್ಟನಡುವೆ ಪರಪರ ಸದ್ದು! ಬಿಚ್ಚೋಣವೆಂದರೆ ಆಚೆ ಬಸ್ಸು ಹಾರನ್ ಹೊಡೆಯುತ್ತಿತ್ತು. ಕೌದಿಯನ್ನೇ ಹೊತ್ತು ಓಡಿದರು.

ದವಾಖಾನೆಯಲ್ಲಿ ಈ ಕಥೆ ಕೇಳಿ ಡಾಕ್ಟರಮ್ಮ ಬಿದ್ದು ಬಿದ್ದು ನಕ್ಕರು. "ಅಮ್ಮಾ, ಅದು ನಮ್ಮ ಕಂಪ್ಯೂಟರಲ್ಲೂ ಇರುತ್ತೆ!" ಆಮೇಲೆ ಪರದೆಯ ಮೇಲೆ ರಿಪೋರ್ಟು ತೆರೆದು ಓದತೊಡಗಿದರು. ದ್ಯಾಮಕ್ಕ ಕೌದಿಯನ್ನು ಎದೆಗೆ ಅವುಚಿಕೊಂಡಳು.

"ಅಂಡಾಶಯಕ್ಕೆ ಹೋಗಿಲ್ಲ. ಬೇರೆಲ್ಲೂ ಹಬ್ಬಿಲ್ಲ. ಮೂರು ತಿಂಗಳಿಗೊಮ್ಮೆ ಬಂದು ತೋರಿಸ್ಬೇಕು, ತಪ್ಪಿಸೋ ಹಾಗಿಲ್ಲ."

ಪಕ್ಕೀರಪ್ಪ ಗಳಗಳನೆ ಅತ್ತ. ದ್ಯಾಮಕ್ಕ ಸೆರಗಿನ ಗಂಟು ಬಿಚ್ಚಿದಳು. ಗಂಡನಿಗೂ ಹೇಳದೆ ಅಕ್ಕಿ ಕಟ್ಟಿಕೊಂಡು ಬಂದಿದ್ದಳು.

"ಮೇಡಮ್ಮಾರ, ನೀವ ಹಾಕ್ರಿ. ತೆಗಿಯೋದು ನಿಮ್ಗ ಬರ್ತೈತಿ, ತುಂಬೋದನ್ನೂ ಕಲೀರಿ."

ಡಾಕ್ಟರಮ್ಮ ನಾಲ್ಕು ಕಾಳು ಹಾಕಿದರು. ದ್ಯಾಮಕ್ಕ ತಾಳಿಸರಕ್ಕೆ ಸಿಕ್ಕಿಸಿಕೊಂಡಿದ್ದ ಸೂಜಿದಾರ ತೆಗೆದು ಅಲ್ಲೇ ಮೂಲೆ ಹೊಲಿಯತೊಡಗಿದಳು.

"ಏ, ಒಳಗಿನ ರಿಪೋರ್ಟು?" ಎಂದ ಪಕ್ಕೀರಪ್ಪ.

"ಇರ್ಲಿ ಬಿಡ್ರಿ. ಹೊದ್ಕಂಡಾಗೆಲ್ಲ ಪರಪರ ಅಂದ್ರ, ನಮ್ಮಜ್ಜಿ ಅದಾಳ ಅಂತ ಕೂಸಿಗೆ ಗೊತ್ತಾಗ್ಲಿ."