ಮೊದಲ ಸಾಲಿನ ಒಂಬತ್ತನೇ ಕೊಡೆ

ತೊರ್ರೆ ಸಬ್ಬಿಯದ ಕಡಲತೀರದಲ್ಲಿ ನೆನೊ ಎಂಬ ನಾನು ಕೊಡೆ ನೆಡಲು ಶುರುಮಾಡಿ ಮೂವತ್ತೊಂದು ಬೇಸಿಗೆ ಕಳೆದವು. ಬೆಳಿಗ್ಗೆ ಕೊಡೆ ಬಿಚ್ಚುವುದು, ಸಂಜೆ ಮಡಿಸುವುದು, ನಡುವೆ ಯಾರಾದರೂ ಮುಳುಗಿದರೆ ಎತ್ತುವುದು ನನ್ನ ಕೆಲಸ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅನ್ನುತ್ತಾರಲ್ಲ, ಇಲ್ಲಿ ಸಮುದ್ರ ದೇವರದ್ದು, ಪೂಜಾರಿ ನಾನು. ಯಾವ ಸಂಸಾರ ಯಾವ ಸಾಲಿನಲ್ಲಿ ಕೂರಬೇಕೆಂದು ತೋರಿಸುವವನು ನಾನೇ.

ಹಾಗೆಂದು ನನ್ನ ಕೈಯಲ್ಲಿ ಹೆಚ್ಚೇನೂ ಇಲ್ಲ. ನೀರಿನ ಅಂಚಿಗೆ ಮೊದಲ ಸಾಲು. ಅಲ್ಲಿ ಒಮ್ಮೆ ಕೂತವರು ಪ್ರತಿ ಆಗಸ್ಟ್ ತಿಂಗಳು ಅಲ್ಲೇ ಕೂರುತ್ತಾರೆ. ಯಾರಾದರೂ ಸತ್ತರೆ ಮಾತ್ರ ಜಾಗ ಖಾಲಿ. ಆಗ ಅವರ ಬೆನ್ನಿಗೇ ಕೂತವರು ಒಂದು ಸಾಲು ಮುಂದೆ ಬರುತ್ತಾರೆ. ಇದು ಎಲ್ಲೂ ಬರೆದಿಟ್ಟ ಕಾನೂನಲ್ಲ, ಅದಕ್ಕೇ ಯಾರೂ ಮುರಿಯುವುದಿಲ್ಲ.

ಎರ್ಮೆಸ್ ಫಾಬ್ರೆಟ್ಟಿ ಮದುವೆಯಾದ ವರ್ಷ ಐದನೇ ಸಾಲಿಗೆ ಬಂದವನು. ಫೊಲಿನ್ಯೊ ಪಟ್ಟಣದ ಅಂಚೆ ಕಚೇರಿಯಲ್ಲಿ ಕಿಟಕಿಯ ಹಿಂದೆ ಕೂತು, ಜನರನ್ನು ಜೀವನವಿಡೀ ಸಾಲಿನಲ್ಲಿ ನಿಲ್ಲಿಸಿದ ಮನುಷ್ಯ. ಇಲ್ಲಿ ತಾನೇ ಸಾಲಿನಲ್ಲಿ ನಿಂತು ಎರಡನೆಯದಕ್ಕೆ ತಲುಪುವಷ್ಟರಲ್ಲಿ ತಲೆ ಬೋಳಾಗಿತ್ತು. ಅಲ್ಲಿಂದ ಮುಂದಕ್ಕೆ ಗಾಡಿ ಅಲುಗಲಿಲ್ಲ. ಯಾಕೆಂದರೆ ಅವನ ಮುಂದೆ, ಒಂಬತ್ತನೇ ಕೊಡೆಯ ಕೆಳಗೆ, ಇಜೋಲಿನ ಇದ್ದಳು. ವಿಧವೆ, ಎಂಬತ್ತನಾಲ್ಕು ವರ್ಷ, ಗುಂಡುಕಲ್ಲಿನ ಹಾಗಿದ್ದಳು. ಗಂಡ ಹೋಗಿ ಹನ್ನೊಂದು ವರ್ಷವಾದರೂ ಅವನ ಕುರ್ಚಿಯನ್ನು ಮಡಿಸಿ ಪಕ್ಕದಲ್ಲೇ ಇಟ್ಟುಕೊಂಡಿದ್ದಳು.

ಹಾಗಂತ ಎರ್ಮೆಸ್‌ಗೆ ಈಜು ಬರುತ್ತಿತ್ತೇ? ಇಲ್ಲ. ಉಪ್ಪುನೀರು ತಾಗಿದರೆ ಮೈಯೆಲ್ಲ ತುರಿಕೆ. ಹಾಗಾದರೆ ಮೊದಲ ಸಾಲು ಯಾಕಪ್ಪಾ ಎಂದು ಒಮ್ಮೆ ಕೇಳಿದ್ದೆ.

"ಮುಂದೆ ಯಾರೂ ಇರಬಾರ್ದು ನೆನೊ, ಅಷ್ಟೇ. ಒಂದು ಸಲವಾದ್ರೂ ಮುಂದೆ ಯಾರೂ ಇರಬಾರ್ದು" ಅಂದ.

ಹೆಂಡತಿ ಲೊರೆದಾನಳಿಗೆ ಈ ಹುಚ್ಚಿರಲಿಲ್ಲ. ಎರಡನೇ ಸಾಲಿನಲ್ಲಿ ಅವಳಿಗೆ ಇಸ್ಪೀಟಿನ ಗೆಳತಿಯರಿದ್ದರು. ಗಂಡ ಮಾತ್ರ ದಿನಾ ಬೆಳಿಗ್ಗೆ ಮುಂದೆ ಹೋಗಿ ಇಜೋಲಿನಳ ಆರೋಗ್ಯ ವಿಚಾರಿಸಿ, ಚೆನ್ನಾಗಿದ್ದೀನಪ್ಪ ಎಂಬ ಉತ್ತರ ಕೇಳಿ ಮುಖ ಸಪ್ಪೆ ಮಾಡಿಕೊಂಡು ಬರುತ್ತಿದ್ದ. ಆಮೇಲೆ ಸಂಜೆಯವರೆಗೆ ಬಕಪಕ್ಷಿಯಂತೆ ಅವಳ ಬೆನ್ನನ್ನೇ ನೋಡುತ್ತ ಕೂರುತ್ತಿದ್ದ. ಅವಳು ಕೆಮ್ಮಿದರೆ ಇವನ ಕಿವಿ ನಿಮಿರುತ್ತಿತ್ತು. ಅವಳು ಎಷ್ಟು ಗಂಟೆಗೆ ಪೀಚ್ ಹಣ್ಣು ತಿನ್ನುತ್ತಾಳೆ, ಯಾವಾಗ ಕನ್ನಡಕ ಒರೆಸುತ್ತಾಳೆ, ಕೊಡೆಯ ನೆರಳು ಸರಿದ ಹಾಗೆ ಅರ್ಧ ಗಂಟೆಗೊಮ್ಮೆ ಕುರ್ಚಿಯನ್ನು ಹೇಗೆ ಎಳೆದುಕೊಳ್ಳುತ್ತಾಳೆ, ಎಲ್ಲ ಅವನಿಗೆ ಬಾಯಿಪಾಠ. ಅವಳ ಇಬ್ಬರು ಗಂಡುಮಕ್ಕಳಿಗೆ ಇದರಲ್ಲಿ ಒಂದೂ ಗೊತ್ತಿರಲಿಲ್ಲ.

ಇಜೋಲಿನಳಿಗೆ ಎಂಬತ್ತನಾಲ್ಕಾಗಿದ್ದ ಆ ವರ್ಷದ ಆಗಸ್ಟ್ ಹದಿನೈದು, ಮಾತೆ ಮರಿಯಳ ಹಬ್ಬ. ದೇಶಕ್ಕೆ ದೇಶವೇ ಕಡಲಿಗೆ ಬಂದು ಬೀಳುವ ದಿನ. ಲೊರೆದಾನ ಮುಂಜಾನೆ ಐದಕ್ಕೇ ಎದ್ದು ಬೇಯಿಸಿದ ಲಸಾನ್ಯದ ತಟ್ಟೆ, ಬದನೆಕಾಯಿ, ಮೂರು ಕಲ್ಲಂಗಡಿ, ಮಗಳು, ಅಳಿಯ, ಎಲ್ಲವನ್ನೂ ಕೊಡೆಯ ಕೆಳಗೆ ತುರುಕಿದ್ದಳು. ಇಜೋಲಿನಳ ಮಕ್ಕಳು ಹಡಗಿನಲ್ಲಿ ಗ್ರೀಸ್ ನೋಡಲು ಹೋಗಿದ್ದರು. ಲೊರೆದಾನ ಅವಳಿಗೂ ಒಂದು ತಟ್ಟೆ ಕೊಟ್ಟು ಕಳಿಸಿದಳು. ಕೊಂಡೊಯ್ದವನು ಎರ್ಮೆಸ್. ಅವಳು ಪೂರ್ತಿ ತಿಂದು ಇನ್ನಷ್ಟು ಕೇಳಿದಳೆಂದು ಬಂದು ನೊಂದು ಹೇಳಿದ.

ಊಟವಾದ ಮೇಲೆ ಮೂರು ತಾಸಿನೊಳಗೆ ನೀರಿಗಿಳಿದವರು ಸತ್ತೇ ಹೋಗುತ್ತಾರೆಂದು ನಮ್ಮ ಕಡೆಯ ತಾಯಂದಿರು ನಂಬುತ್ತಾರೆ. ಮೀಸೆ ಬಂದ ಮಕ್ಕಳನ್ನೂ ಬಿಡುವುದಿಲ್ಲ. ಹಾಗಾಗಿ ಮಧ್ಯಾಹ್ನ ಒಂದರಿಂದ ನಾಲ್ಕರವರೆಗೆ ಕಡಲಲ್ಲಿ ಒಂದು ನರಪಿಳ್ಳೆಯೂ ಇರುವುದಿಲ್ಲ, ಕಡಲು ಕಾಯುವವನಿಗೂ ರಜೆ. ನಾನು ತೀರದ ಹೋಟೆಲಿನ ಅಡುಗೆಮನೆಯ ಹಿಂದೆ ಎರಡನೇ ತಟ್ಟೆ ಲಸಾನ್ಯವನ್ನು ಕಾಯುತ್ತಿದ್ದೆ. ನಾಚಿಕೆಯಾಗುತ್ತದೆ, ಆದರೆ ಇದ್ದದ್ದು ಹಾಗೆಯೇ. ತೀರಕ್ಕೆ ತೀರವೇ ಗೊರಕೆ ಹೊಡೆಯುತ್ತಿತ್ತು. ಎಚ್ಚರವಿದ್ದವನು ಒಬ್ಬನೇ.

ಎರಡು ಗಂಟೆಯ ಹೊತ್ತಿಗೆ ನೆರಳು ಸರಿಯಿತು, ಕುರ್ಚಿ ಸರಿಯಲಿಲ್ಲ. ಎರಡೂವರೆಗೂ ಅಷ್ಟೇ. ಬಿಸಿಲು ಇಜೋಲಿನಳ ಬಿಳಿ ಕೂದಲ ಮೇಲೆ ಬಂದು ಕೂತಿತು. ಮುದುಕಿ ಅಲುಗಲಿಲ್ಲ. ಬೇರೆ ಯಾರೇ ನೋಡಿದ್ದರೂ ನಿದ್ದೆ ಹತ್ತಿದೆ ಎಂದುಕೊಳ್ಳುತ್ತಿದ್ದರು. ಎರ್ಮೆಸ್‌ಗೆ ಗೊತ್ತಿತ್ತು, ಅವಳು ನಿದ್ದೆಯಲ್ಲೂ ಕುರ್ಚಿ ಎಳೆದುಕೊಳ್ಳುವ ಹೆಂಗಸು.

ಅವನು ಎದ್ದ. ಮತ್ತೆ ಕೂತ. ಇದನ್ನು ಅವನೇ ನನಗೆ ಆಮೇಲೆ ಹೇಳಿದ್ದು.

"ಎಷ್ಟು ಹೊತ್ತು ಕೂತಿದ್ದೆ?" ಎಂದು ಕೇಳಿದೆ.

"ಒಂದು ಪೀಚ್ ಸಿಪ್ಪೆ ಸುಲಿಯೋಷ್ಟು ಹೊತ್ತು. ಅಷ್ಟು ಹೊತ್ತು ಒಂಬತ್ತನೇ ಕೊಡೆ ನಂದೇ ಆಗಿತ್ತು, ನೆನೊ. ಚೂರೂ ಖುಷಿಯಾಗ್ಲಿಲ್ಲ."

ಆಮೇಲೆ ಕಾದ ಮರಳಿನಲ್ಲಿ ಬರಿಗಾಲಲ್ಲಿ ಓಡಿದ. ಅವಳನ್ನು ಎತ್ತಿಕೊಂಡು, ಮೈ ತುರಿಸುವ ಆ ನೀರಿನಲ್ಲೇ ಮೊಣಕಾಲೂರಿ ಕೂತು, ಟವೆಲು ನೆನೆಸಿ ಅವಳ ತಲೆಗೆ ಸುತ್ತಿ ನನ್ನ ಹೆಸರು ಹಿಡಿದು ಕೂಗಿದ. ನಾನು ಬಾಯಿ ಒರೆಸಿಕೊಂಡು ಬರುವಷ್ಟರಲ್ಲಿ ಮಾಡಬೇಕಾದ್ದನ್ನೆಲ್ಲ ಅವನೇ ಮಾಡಿ ಮುಗಿಸಿದ್ದ. ಬಿಸಿಲಿನ ಹೊಡೆತ, ಇನ್ನು ಹತ್ತು ನಿಮಿಷ ತಡವಾಗಿದ್ದರೆ ಮುದುಕಿ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು. ತೀರದವರೆಲ್ಲ ಅವನ ಬೆನ್ನು ತಟ್ಟಿದರು. ಅವನು ತಲೆ ತಗ್ಗಿಸಿ ತುರಿಸಿಕೊಳ್ಳುತ್ತ ನಿಂತಿದ್ದ.

ಸಂಜೆ ಇಜೋಲಿನ ಮತ್ತೆ ತನ್ನ ಕೊಡೆಯ ಕೆಳಗೆ ಒರಗಿಕೊಂಡು ಅವನನ್ನು ಕರೆಸಿದಳು. ಅವಳ ದಿಂಬು ಹಿಡಿದುಕೊಂಡು ನಾನೂ ಅಲ್ಲೇ ಇದ್ದೆ.

"ಇಷ್ಟು ವರ್ಷದಿಂದ ನನ್ನ ಬೆನ್ನು ನೋಡ್ತಾ ಕೂತಿದ್ದೀಯ" ಅಂದಳು. "ಯಾಕೆ ಅಂತ ನಂಗೊತ್ತು ಕಣೋ. ನಾನೇನು ಕುರುಡಿಯಲ್ಲ."

ಎರ್ಮೆಸ್‌ನ ಬೋಳುತಲೆ ಕೆಂಪಾಯಿತು. ಕ್ಷಮಿಸಿ ಎಂದೇನೋ ಗೊಣಗಿದ.

"ಕ್ಷಮಿಸೋದೇನ್ ಬಂತು? ನಾನು ಹೆತ್ತವರು ನನ್ನನ್ನ ಹಾಗೆ ಒಂದು ದಿನ ನೋಡಿದ್ರೆ ಸಾಕಿತ್ತು. ಆ ಕುರ್ಚಿ ಬಿಡಿಸು. ನಾಳೆಯಿಂದ ಇಲ್ಲೇ ಕೂತ್ಕೊ. ನೆರಳು ಸರಿದಾಗ ನನ್ನನ್ನ ಎಳಿ."

ಹೀಗೆ ಅವನು ಮೊದಲ ಸಾಲಿಗೆ ಬಂದ, ಸತ್ತವನ ಕುರ್ಚಿಗೆ. ಆರು ಬೇಸಿಗೆ ಅರ್ಧ ಗಂಟೆಗೊಮ್ಮೆ ಎದ್ದು ಮುದುಕಿಯನ್ನು ನೆರಳಿಗೆ ಎಳೆದ, ಪೀಚ್ ಸುಲಿದ, ಪೇಪರ್ ಓದಿ ಹೇಳಿದ, ಸೊಸೆಯರ ಮೇಲಿನ ದೂರು ಕೇಳಿದ. ಸಮುದ್ರ ನೋಡಲು ಪುರುಸೊತ್ತೇ ಸಿಗಲಿಲ್ಲ. ಹಿಂದಿನ ಸಾಲಿನಲ್ಲಿ ಲೊರೆದಾನ, ಮನೆಯಲ್ಲಿ ಒಂದು ಲೋಟ ಎತ್ತಿಡದ ಗಂಡನ ಈ ಸೇವೆಯನ್ನು ಗೆಳತಿಯರಿಗೆ ತೋರಿಸಿ ನಗುತ್ತ ಇಸ್ಪೀಟು ಹಂಚುತ್ತಿದ್ದಳು.

ತೊಂಬತ್ತನೇ ವಯಸ್ಸಿನಲ್ಲಿ, ಒಂದು ಫೆಬ್ರವರಿಯಲ್ಲಿ ಇಜೋಲಿನ ತೀರಿಕೊಂಡಳು. ಮಣ್ಣಿಗೆ ಬಂದವರಲ್ಲಿ ಬಿಕ್ಕಿ ಬಿಕ್ಕಿ ಅತ್ತವನು ಎರ್ಮೆಸ್ ಒಬ್ಬನೇ. ಮಕ್ಕಳು, ಈತ ಯಾರು ಎಂದು ನನ್ನ ಕಿವಿಯಲ್ಲಿ ಕೇಳಿದರು. ಹಿಂದಿನ ಸಾಲಿನವನು ಎಂದೆ.

ಆ ಆಗಸ್ಟ್‌ನಲ್ಲಿ ಒಂಬತ್ತನೇ ಕೊಡೆ ಅವನ ಹೆಸರಿಗೇ ಬಂತು. ಮುಂದೆ ಯಾರೂ ಇರಲಿಲ್ಲ. ನಾಲ್ಕು ದಿನ ಅವನು ಕಣ್ಣು ಮುಚ್ಚಲಿಲ್ಲ. ನಿದ್ದೆ ಬಂದರೆ ನೆರಳು ಸರಿದೀತು, ಬೆನ್ನ ಹಿಂದೆ ನೋಡುವವರು ಯಾರೂ ಇಲ್ಲ ಎಂದು ಕೂತೇ ಇದ್ದ. ಲೊರೆದಾನ ತಮ್ಮ ಹಳೆಯ ಜಾಗದ ಪಕ್ಕದ ಕೊಡೆಯಲ್ಲಿ ಗೆಳತಿಯರೊಡನೆ ಇಸ್ಪೀಟಿನಲ್ಲಿ ಮುಳುಗಿದ್ದಳು.

ಐದನೇ ದಿನ ಅವನ ಹಳೆಯ ಜಾಗಕ್ಕೆ ಹೊಸಬನೊಬ್ಬ ಬಂದ. ಮೂರನೇ ಸಾಲಿನಿಂದ ಬಡ್ತಿ ಪಡೆದ, ಪೆರುಜಾ ಊರಿನ ಹಲ್ಲಿನ ಡಾಕ್ಟರ್. ಬಂದವನೇ ನೇರವಾಗಿ ಎರ್ಮೆಸ್‌ನ ಬಳಿ ಹೋಗಿ, ಆರೋಗ್ಯ ಹೇಗಿದೆ, ರಕ್ತದೊತ್ತಡ ಎಷ್ಟಿದೆ ಎಂದು ಬಹಳ ಅಕ್ಕರೆಯಿಂದ ವಿಚಾರಿಸಿದ. ನಾನು ನಗು ತಡೆಯಲು ಆಚೆ ತಿರುಗಿದೆ. ಎರ್ಮೆಸ್ ಅವನನ್ನು ಅಡಿಯಿಂದ ಮುಡಿಯವರೆಗೆ ನೋಡಿದ.

"ಅಲ್ಲಿಂದ ನನ್ನ ಬೆನ್ನು ಚೆನ್ನಾಗಿ ಕಾಣುತ್ತಾ?" ಎಂದು ಕೇಳಿದ.

ಡಾಕ್ಟರ್ ತಬ್ಬಿಬ್ಬಾಗಿ, ಕಾಣುತ್ತೆ ಅಂದ.

"ಹಾಗಾದ್ರೆ ಸರಿ" ಅಂದ ಎರ್ಮೆಸ್. ಕುರ್ಚಿಯನ್ನು ನೆರಳಿಗೆ ಎಳೆದುಕೊಂಡು, ಟೋಪಿಯನ್ನು ಮುಖದ ಮೇಲೆ ಹಾಕಿಕೊಂಡು, ಸಂಜೆಯವರೆಗೆ ನಿಶ್ಚಿಂತೆಯಿಂದ ಮಲಗಿಬಿಟ್ಟ.